ಹೆಲ್ಮೆಟ್ಟಿನಲ್ಲಿ ಕಡಲೆಬೀಜ

ನಮ್ಮ ಭಾವನ ಪ್ರಾಣ ಉಳಿಸಿತೆನ್ನಲಾದ ಹೆಲ್ಮೆಟ್ ಈಗ ಹಾಲ್‌ನ ಶೋಕೇಸಿನಲ್ಲಿದೆ. ಶ್ರೀಗಂಧದ ಆನೆಗೂ ಅಕ್ಕನ ಮದುವೆಯ ಫೋಟೊಗೂ ನಡುವೆ ಅದಕ್ಕೆ ಜಾಗ ಮಾಡಿದ್ದಾರೆ. ಮನೆಗೆ ಯಾರೇ ಬರಲಿ, ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ತೋರಿಸುತ್ತಾರೆ. "ಇದಿಲ್ದೇ ಇದ್ದಿದ್ರೆ ನಾನಿವತ್ತು ಗೋಡೆ ಮೇಲೆ ಹಾರ ಹಾಕ್ಕೊಂಡು ಇರ್ತಿದ್ದೆ" ಎನ್ನುತ್ತಾರೆ. ಬಂದವರು ಅದನ್ನು ತಿರುಗಿಸಿ ನೋಡಿ ತಲೆದೂಗುತ್ತಾರೆ. ಅದರ ಮೇಲೆ ಒಂದು ಗೀರೂ ಇಲ್ಲ ಎಂಬುದು ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಬಿದ್ದಿದ್ದರೆ ಅದನ್ನೂ ಕಂಪನಿಯ ಗುಣವೆಂದೇ ತಿಳಿಯುತ್ತಿದ್ದರು.

ಚಂದ್ರಾ ಲೇಔಟ್‌ನ ಈ ಮನೆಯಲ್ಲಿ ಕೆಳಗೆ ಅಕ್ಕ, ಭಾವ. ಮೇಲಿನ ಒಂದೂವರೆ ಕೋಣೆಯಲ್ಲಿ ನಾನು. ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡವರ ಮಾತನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ನನ್ನ ಉದ್ಯೋಗ. ನನ್ನ ನೆನಪಿನ ಮೇಲೂ ನನಗೆ ನಂಬಿಕೆಯಿಲ್ಲ, ಹಾಗಾಗಿ ದಿನವೂ ಡೈರಿ ಬರೆಯುತ್ತೇನೆ. ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಮಾತ್ರ ಇರಲಿಲ್ಲ.

ಭಾವನದು ಮೂಡಲಪಾಳ್ಯದ ಹಳೆಯ ಮನೆತನ. ಅಜ್ಜ ರಾಗಿ ಬೆಳೆದ ಹೊಲ ಸೈಟುಗಳಾಗಿ, ಸೈಟುಗಳು ಬಾಡಿಗೆ ಮನೆಗಳಾಗಿ, ಭಾವನ ಕಾಲಕ್ಕೆ ಮಾಗಡಿ ರಸ್ತೆಯಲ್ಲಿ ಒಂದು ಟೈಲ್ಸ್ ಅಂಗಡಿಯೂ ಬೇಕಾದಷ್ಟು ಬಿಡುವೂ ಉಳಿದಿದ್ದವು. ನಲವತ್ತು ದಾಟಿದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಮಣ್ಣಿನ ಮೇಲೆ ಪ್ರೀತಿ ಹುಟ್ಟಿತು. ಉಳುವ ಪ್ರೀತಿಯಲ್ಲ, ಎರಚುವ ಪ್ರೀತಿ. ಕುದುರೆಯಷ್ಟು ಎತ್ತರದ ಒಂದು ಆಫ್‌ರೋಡ್ ಬೈಕ್ ಬಂತು. ಅಂಥದೇ ಬೈಕಿನ ಇನ್ನೂ ಐದು ಜನ ಜೊತೆಯಾದರು. ವಿಜಯನಗರ, ಗೋವಿಂದರಾಜನಗರದ ಗೃಹಸ್ಥರು. ಒಬ್ಬರಿಗೆ ಫರ್ನಿಚರ್ ಅಂಗಡಿ, ಇನ್ನೊಬ್ಬರಿಗೆ ಕಲ್ಯಾಣ ಮಂಟಪ. ಎಲ್ಲರಿಗೂ ಕಪ್ಪು ಟೀ ಶರ್ಟು, ಎದೆಯ ಮೇಲೆ ತೋಳದ ಮುಖ. ಪ್ರತಿ ಭಾನುವಾರ ಬೆಳಿಗ್ಗೆ ಈ ಆರು ತೋಳಗಳು ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು, ಸಾಂಬಾರು ಎರಡು ಸಲ ಹಾಕಿಸಿಕೊಂಡು, ಕೆಂಗೇರಿಯ ಆಚೆ ಪಾಳು ಬಿದ್ದ ಕಲ್ಲು ಕ್ವಾರಿಗೆ ಬೇಟೆಗೆ ಹೊರಡುತ್ತಿದ್ದವು.

ಒಮ್ಮೆ ಅಕ್ಕ ಬಿರಿಯಾನಿ ಮಾಡಿ ಅಲ್ಲಿಗೆ ಕೊಂಡೊಯ್ದಾಗ ನಾನೂ ಜೊತೆಗೆ ಹೋಗಿದ್ದೆ. ಅವರ ಪದ್ಧತಿ ನೋಡಿದ್ದು ಅಂದೇ. ಬೆಳಿಗ್ಗೆ ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿ, ಮೊಣಕಾಲು, ಮೊಣಕೈ, ಎದೆ, ಬೆನ್ನು ಎಲ್ಲಕ್ಕೂ ಕವಚ ತೊಟ್ಟು ದಿಬ್ಬ ಹತ್ತಿ ಇಳಿಯುವುದು. ವಿಡಿಯೊ ಸಾಕೆನ್ನಿಸಿದ ಮೇಲೆ ನೆರಳಿಗೆ ಬಂದು ಬಿಯರ್ ತೆಗೆಯುವುದು. ಆಗ ಹೆಲ್ಮೆಟ್ಟುಗಳನ್ನು ಬೋರಲು ಹಾಕುತ್ತಿರಲಿಲ್ಲ, ಬಟ್ಟಲಿನಂತೆ ಮೇಲ್ಮುಖವಾಗಿ ಇಡುತ್ತಿದ್ದರು. ಒಂದರಲ್ಲಿ ಮೊಬೈಲು, ಬೀಗದ ಕೈಗಳು. ಭಾವನದರಲ್ಲಿ ಮಸಾಲೆ ಕಡಲೆಬೀಜ, ಅದು ಎಲ್ಲಕ್ಕಿಂತ ಅಗಲ ಎಂಬ ಕಾರಣಕ್ಕೆ. ಊಟವಾದ ಮೇಲೆ ಒಂದು ಕೊನೆಯ ಸುತ್ತು ಇರುತ್ತಿತ್ತು. ಅದು ಕ್ಯಾಮೆರಾಗಲ್ಲ, ಸಂತೋಷಕ್ಕೆ. ಅದಕ್ಕೆ ಹೆಲ್ಮೆಟ್ ಬೇಕಿರಲಿಲ್ಲ. ತಲೆಗೆ ಏನೂ ಇಲ್ಲವಲ್ಲ ಭಾವ ಎಂದು ನಾನು ಕೇಳಿದೆ.

"ಮೇಡಂ, ಬಿಸಿಲಲ್ಲಿ ತಲೆ ಬೆಂದೋಗತ್ತೆ. ಅಲ್ದೆ ಬೀಜ ಇನ್ನೂ ಖಾಲಿ ಆಗಿಲ್ವಲ್ಲ" ಎಂದರು ಭಾವ.

ಫರ್ನಿಚರಿನವರು ನನಗೆ ಸಮಾಧಾನ ಹೇಳಿದರು. "ಎರಡು ಹೊಡೆದ್ಮೇಲೇನೇ ನಮ್ ಗುರುಗೆ ಬ್ಯಾಲೆನ್ಸ್ ಬರೋದು, ಮೇಡಂ. ನೀವು ಟೆನ್ಶನ್ ತಗೋಬೇಡಿ."

ಮೊಣಕಾಲಿನ ಚಿಪ್ಪಿಗೆ ಅಷ್ಟು ಮರ್ಯಾದೆ, ತಲೆಗೆ ಇಷ್ಟು. ಯಾವುದರಿಂದ ತಮಗೆ ಹೆಚ್ಚು ಉಪಯೋಗ ಎಂಬುದು ಅವರಿಗೆ ಗೊತ್ತಿದ್ದಿರಬೇಕು ಎಂದು ಆ ದಿನ ಬರೆದುಕೊಂಡೆ. ಒಳ್ಳೆಯ ಸಾಲು ಬರೆದೆನೆಂದು ಹೆಮ್ಮೆಯೂ ಆಯಿತು.

ಎರಡು ವರ್ಷದ ಹಿಂದೆ, ಅಪಘಾತವಾದ ಭಾನುವಾರ ಮಧ್ಯಾಹ್ನ, ಭಾವನನ್ನು ಎರಡು ತೋಳಗಳು ಕಾರಿನಲ್ಲಿ ಕರೆತಂದವು. ಮೂರು ಗಂಟೆ ಎಂದು ನನ್ನ ನೆನಪು. ಅಕ್ಕ ಎರಡೂವರೆ ಎನ್ನುತ್ತಾಳೆ. ದಿಬ್ಬದಲ್ಲಿ ಅಲ್ಲ, ಕ್ವಾರಿಯಿಂದ ಹೊರಗೆ ಬರುವ ಚಪ್ಪಟೆ ದಾರಿಯಲ್ಲಿ, ನಡೆಯುವಷ್ಟು ನಿಧಾನದಲ್ಲಿ ಜಾರಿ ಬಿದ್ದಿದ್ದರಂತೆ. ಪಕ್ಕಕ್ಕೆ ಒರಗಿದಾಗ ತಲೆ ಒಂದು ಕಲ್ಲಿಗೆ ತಾಗಿದೆ. ಒಂದು ನಿಮಿಷ ಮಾತಾಡಲಿಲ್ಲ, ಆಮೇಲೆ ಎದ್ದು ನಕ್ಕು, ಎಲ್ಲರ ಜೊತೆ ಇನ್ನೊಂದು ಬಿಯರ್ ಕುಡಿದರಂತೆ. ಕಲ್ಯಾಣ ಮಂಟಪದವರು ಇದನ್ನು ಶೌರ್ಯದ ಕಥೆಯಾಗಿ ಹೇಳಿದರು. ಭಾವನೂ ತಮ್ಮ ಕಾಲ ಮೇಲೆ ತಾವೇ ನಡೆದು ಬಂದರು. ನನ್ನನ್ನು ನೋಡಿ "ಏನ್ ಮೇಡಂ, ಇವತ್ತೂ ಬಯ್ಯೋದಿದ್ಯಾ?" ಎಂದು ಕೇಳಿದರು. ಬಾಯಿ ಗಮ್ಮೆನ್ನುತ್ತಿತ್ತು. ಕಿವಿಯ ಹಿಂದೆ ಊತ ಕಂಡಂತೆ ನನಗೆ ನೆನಪಿದೆ. ಆದರೆ ಅದನ್ನು ಆಮೇಲೆ ಆಸ್ಪತ್ರೆಯಲ್ಲಿ ತೋರಿಸಿದ್ದರು. ಅಲ್ಲಿ ಕಂಡದ್ದನ್ನು ಇಲ್ಲಿಗೆ ತಂದು ಅಂಟಿಸಿಕೊಂಡಿದ್ದೇನೋ ಗೊತ್ತಿಲ್ಲ.

ಅವರು ಸೋಫಾದ ಮೇಲೆ ಬಿದ್ದುಕೊಂಡರು, ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ತೋಳಗಳು ಟೀ ಕುಡಿದು ಹೊರಟುಹೋದವು. ಅಕ್ಕ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. ಅವರನ್ನು ಎಬ್ಬಿಸುವುದೋ ಬೇಡವೋ ಎಂಬ ಮಾತು ನಮ್ಮಿಬ್ಬರ ನಡುವೆ ಬಂತು. ಕುಡಿದಿದ್ದಾರೆ, ಮಲಗಲಿ ಬಿಡು ಎಂದು ನಮ್ಮಲ್ಲೊಬ್ಬರು ಹೇಳಿದರು. ಎಬ್ಬಿಸಲಿಲ್ಲ. ನಾನು ಮೇಲೆ ಹೋದೆ.

ಬಿಸಿಲು ಇಳಿದ ಮೇಲೆ ಅಕ್ಕ ಕೆಳಗಿನಿಂದ ಕೂಗಿದಳು. ಗೊರಕೆ ಮನೆಯೆಲ್ಲ ತುಂಬಿತ್ತು. ಸೋಫಾದ ಕುಶನ್ ಮೇಲೆ ವಾಂತಿ, ಒಂದು ಕೈ ಸೆಟೆದಿತ್ತು. ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರ್, ಮಾತಿನಲ್ಲಿ ಉತ್ತರ ಕರ್ನಾಟಕದವಳು. ರೆಪ್ಪೆ ಬಿಡಿಸಿ ಟಾರ್ಚ್ ಹಾಕಿ ನೋಡಿ, ನಮ್ಮತ್ತ ತಿರುಗದೆ ಕೇಳಿದಳು.

"ಎಷ್ಟೊತ್ತಿನಿಂದ ಹಿಂಗ ಗೊರಕಿ ಹೊಡ್ಯಾಕತ್ತಾರ್ರೀ?"

ಮಧ್ಯಾಹ್ನದಿಂದ ಎಂದಳು ಅಕ್ಕ, ಕುಡಿದಿದ್ದರು, ನಿದ್ದೆ ಅಂದುಕೊಂಡೆವು.

"ಇದು ನಿದ್ದಿ ಅಲ್ರೀ."

ಅಷ್ಟು ಹೊತ್ತಿಗೆ ಅಕ್ಕನ ಫೋನ್ ಕರೆಗೆ ತೋಳಗಳೂ ಬಂದು ಸೇರಿದ್ದವು, ಇನ್ನೂ ಮೊಣಕಾಲಿನ ಕವಚದಲ್ಲಿ. ಹೆಲ್ಮೆಟ್ ಇತ್ತೇ ಎಂದು ಡಾಕ್ಟರ್ ಕೇಳಿದಾಗ ಐವರೂ ಒಟ್ಟಿಗೆ ಇತ್ತು ಎಂದರು. ಕುಡಿದದ್ದು ಎಷ್ಟು ಎಂದರೆ ಒಂದೇ ಒಂದು ಬಿಯರ್, ಅದೂ ಲೈಟ್ ಎಂದರು. ಆಕೆ ಅವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ನಾ ಪೊಲೀಸಲ್ರೀ. ಖರೇ ಹೇಳಿದ್ರ ಅವ್ರಿಗೆ ಚಲೋ" ಎಂದಳು. ಆರು ಎಂದು ಒಬ್ಬರು ಒಪ್ಪಿಕೊಂಡರು. ಹೆಲ್ಮೆಟ್ ವಿಷಯ ಯಾರೂ ಒಪ್ಪಿಕೊಳ್ಳಲಿಲ್ಲ. ಇತ್ತಲ್ಲ, ಸುಳ್ಳೇನಲ್ಲ, ಕಡಲೆಬೀಜ ತುಂಬಿಕೊಂಡು ಮರದ ಕೆಳಗೆ ಇತ್ತು.

ತಲೆಬುರುಡೆಯ ಒಳಗೆ ರಕ್ತ ಕಟ್ಟಿತ್ತು. ಆ ಸಂಜೆಯೇ ಬುರುಡೆ ತೆರೆದು ತೆಗೆದರು. ಒಂದೆರಡು ಗಂಟೆ ಮೊದಲು ತಂದಿದ್ದರೆ ಎಂದು ದೊಡ್ಡ ಡಾಕ್ಟರ್ ಮಾತು ಶುರುಮಾಡಿ, ಅಕ್ಕನ ಮುಖ ನೋಡಿ ಅಲ್ಲೇ ನಿಲ್ಲಿಸಿದರು. ಭಾವ ಉಳಿದರು. ಈಗ ಅವರಿಗೆ ವಾಸನೆ ತಿಳಿಯುವುದಿಲ್ಲ, ಎಡಗೈಯಲ್ಲಿ ಲೋಟ ನಿಲ್ಲುವುದಿಲ್ಲ, ಸಣ್ಣ ವಿಷಯಕ್ಕೆ ತಟ್ಟೆ ಎಸೆಯುತ್ತಾರೆ. ಆ ದಿನದ್ದು ಒಂದೂ ನೆನಪಿಲ್ಲ. ಆ ಖಾಲಿ ಜಾಗವನ್ನು ಗೆಳೆಯರು ಹೆಲ್ಮೆಟ್ಟಿನ ಕಥೆಯಿಂದ ತುಂಬಿಕೊಟ್ಟರು. ಕ್ವಾರಿಯಿಂದ ಬಂದ ಹೆಲ್ಮೆಟ್ಟಿನ ಒಳಗಿನ ಸ್ಪಂಜಿನಿಂದ ಅಕ್ಕ ಕಡಲೆಬೀಜದ ಸಿಪ್ಪೆಯನ್ನು ಹಳೆಯ ಟೂತ್ ಬ್ರಷ್ಷಿನಲ್ಲಿ ಉಜ್ಜಿ ತೆಗೆದದ್ದನ್ನು ನಾನು ನೋಡಿದ್ದೇನೆ. ಒರೆಸಿ ಒಣಗಿಸಿ ಶೋಕೇಸಿನಲ್ಲಿಟ್ಟಳು.

ಅವಳು ಏಕೆ ಸುಮ್ಮನಿದ್ದಾಳೆಂಬುದು ನನಗೆ ಗೊತ್ತಿತ್ತು. ಮಲಗಲಿ ಬಿಡು ಎಂದವಳು ತಾನೇ ಎಂದು ಅವಳು ನಂಬಿದ್ದಳು. ಅತ್ತೆಯ ಮುಂದೆ ಹೇಳಿಕೊಂಡಳು, ಫಿಸಿಯೋಥೆರಪಿಯವರ ಮುಂದೆ ಹೇಳಿಕೊಂಡಳು. ನನಗೂ ಹಾಗೆಯೇ ನೆನಪಿತ್ತು; ಲೋಟ ಹಿಡಿದು ನಿಂತ ಅವಳ ಬಾಯಿಂದಲೇ ಆ ಮಾತು ಬಂದದ್ದು ಕಣ್ಣಿಗೆ ಕಟ್ಟಿದಂತಿತ್ತು. ಅಂದಿನಿಂದ ಅವಳು ಭಾವನಿಗೆ ಯಾವುದಕ್ಕೂ ಇಲ್ಲ ಎಂದಿಲ್ಲ. ತಟ್ಟೆ ಎಸೆದರೆ ಒರೆಸುತ್ತಾಳೆ. ಮತ್ತೆ ಬಿಯರ್ ಶುರುವಾದಾಗ ಫ್ರಿಜ್ಜಿನಲ್ಲಿ ಜಾಗ ಮಾಡಿದಳು.

ಕಳೆದ ತಿಂಗಳು ಕಾಲೇಜಿಗೆ ಬೇಕಾದ ಒಂದು ವಿವರ ಹುಡುಕಲು ಆ ವರ್ಷದ ಡೈರಿ ತೆಗೆದೆ. ಆ ಭಾನುವಾರದ ಪುಟದಲ್ಲಿ, ಆ ಮಧ್ಯಾಹ್ನವೇ ಬರೆದ ನನ್ನ ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು: "ಮಹಾರಾಜರು ಕಂಠಪೂರ್ತಿ ಕುಡಿದು ಬಂದು ಗೊರಕೆ ಹೊಡೆಯುತ್ತಿದ್ದಾರೆ. ಅಕ್ಕ ಮಜ್ಜಿಗೆ ಕುಡಿಸಲು ಎಬ್ಬಿಸಹೊರಟಿದ್ದಳು. ಎಬ್ಬಿಸಬೇಡ, ಈ ಮನುಷ್ಯ ನಿದ್ದೆಯಲ್ಲಿದ್ದಾಗಲೇ ಸಹ್ಯ ಎಂದು ಹೇಳಿ ಲೋಟ ಕಸಿದುಕೊಂಡು ನಾನೇ ಕುಡಿದೆ."

ಮಜ್ಜಿಗೆ ಕುಡಿದದ್ದು ನನಗೆ ಇಂದಿಗೂ ನೆನಪಿಲ್ಲ. ಅವರ ಬಗ್ಗೆ ನನಗಿದ್ದ ತಿರಸ್ಕಾರ ಸರಿಯಾದದ್ದೇ ಆಗಿತ್ತು, ಈಗಲೂ ಹಾಗೆಂದೇ ತಿಳಿದಿದ್ದೇನೆ. ಆದರೆ ಆ ಮಧ್ಯಾಹ್ನ ಒಬ್ಬ ಮನುಷ್ಯ ಸಾಯುತ್ತಿದ್ದ ಸದ್ದನ್ನು ನಾನು ಕೇಳಿಸಿಕೊಂಡು, ಕುಡುಕನ ಗೊರಕೆ ಎಂದು ಗುರುತಿಸಿ, ಅದರ ಮೇಲೆ ಒಂದು ಸಾಲು ಕಟ್ಟಿದ್ದೆ. ಅಷ್ಟು ಓದಿದವಳು. ಡೈರಿ ಮುಚ್ಚಿ ಮೂರು ವಾರ ಸುಮ್ಮನಿದ್ದೆ. ಆ ಪುಟ ಓದುವಾಗ ಭಾಷೆ ಎಷ್ಟು ಚೆನ್ನಾಗಿದೆ ಎಂದು ಒಂದು ಕ್ಷಣ ಅನ್ನಿಸಿತ್ತೆಂಬುದನ್ನೂ ಬರೆದುಬಿಡುತ್ತೇನೆ.

ನಂತರ ಭಾವ ಬೈಕ್ ರಿಪೇರಿ ಮಾಡಿಸಿದರು. ಬರುವ ಭಾನುವಾರ ಕ್ವಾರಿಗೆ ಹೋಗುವುದೆಂದು ಗೆಳೆಯರ ಜೊತೆ ಫೋನಿನಲ್ಲಿ ನಿಶ್ಚಯಿಸಿಕೊಂಡರು. ಎಡಗೈಯಲ್ಲಿ ಕ್ಲಚ್ ಹಿಡಿಯಲಾಗದವರು. ಅಕ್ಕ ಅಡುಗೆಮನೆಯಲ್ಲಿ ಅವರೆಕಾಳು ಹಿಚುಕುತ್ತಿದ್ದಳು. ಹೋಗಲಿ ಬಿಡೇ, ನಾನು ಅವರಿಗೆ ಮಾಡಿರೋದಕ್ಕೆ ನಾನ್ಯಾವ ಬಾಯಲ್ಲಿ ಬೇಡ ಅನ್ನಲಿ ಎಂದಳು. ನಾನು ಮೇಲೆ ಹೋಗಿ ಡೈರಿ ತಂದು ಆ ಪುಟ ತೆಗೆದು ಅವಳ ಮುಂದಿಟ್ಟೆ. ಅವಳು ಕೈ ಒರೆಸಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು.

"ಇದು ಯಾವಾಗ ಸಿಕ್ತು ನಿಂಗೆ?"

ಮೂರು ವಾರ ಆಯಿತು ಎಂದೆ.

"ಮೂರು ವಾರ" ಎಂದಳು. ಡೈರಿಯನ್ನು ನನ್ನತ್ತ ತಳ್ಳಿ, "ಮಜ್ಜಿಗೆಗೆ ಉಪ್ಪು ಹಾಕಿರ್ಲಿಲ್ಲ ನಾನು. ಅದೊಂದು ಬರ್ದಿಲ್ಲ ನೋಡು ನೀನು."

ಮತ್ತೆ ಅವರೆಕಾಳಿಗೆ ಕೈ ಹಾಕಿದಳು. ಅವಳು ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಬೇರೇನು ಹೇಳಿದ್ದರೂ ನನಗೆ ಅದಕ್ಕಿಂತ ಸುಲಭವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಐದು ತೋಳಗಳು ಗೇಟಿನ ಮುಂದೆ ಬಂದು ನಿಂತು ಎಂಜಿನ್ ಗುರುಗುಟ್ಟಿಸಿದವು. ಹಾಲ್‌ನಿಂದ ಭಾವನ ಕೂಗು ಕೇಳುತ್ತಿತ್ತು, ಬೈಕ್ ಕೀ ಎಲ್ಲಿ ಎಂದು. ಅಕ್ಕ ಗೇಟಿಗೆ ಹೋದಳು. ಮೇಲಿನ ಕಿಟಕಿಯಿಂದ ನಾನು ನೋಡುತ್ತಿದ್ದೆ.

"ಅವ್ರು ಬರಲ್ಲ" ಎಂದಳು.

"ಅತ್ತಿಗೆ, ಸುಮ್ನೆ ನೋಡಕ್ಕೆ ಅಷ್ಟೆ. ಹೆಲ್ಮೆಟ್ ಇದ್ಯಲ್ಲ, ಲಕ್ಕಿ ಹೆಲ್ಮೆಟ್ಟು" ಎಂದರು ಫರ್ನಿಚರಿನವರು.

"ಅದು ಬೇಕಿದ್ರೆ ತಗೊಂಡ್ಹೋಗಿ. ನಿಮಗೆ ಬೀಜ ಹಾಕ್ಕೊಳ್ಳೋಕೆ ಬೇಕಾಗತ್ತೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆ ಇವತ್ತು ಬಿಸಿಯಾಗಿದ್ದಾರೆ ಎಂದು ಒಬ್ಬರು ನಕ್ಕರು, ಆಮೇಲೆ ಹೊರಟರು. ರಸ್ತೆ ತಿರುವಿನವರೆಗೂ ಐವರ ಹೆಲ್ಮೆಟ್ಟೂ ಮೊಣಕೈಯಲ್ಲೇ ತೂಗುತ್ತಿತ್ತು. ಅಕ್ಕ ಗೇಟಿಗೆ ಬೀಗ ಹಾಕಿ, ಒಳಗೆ ಏನೋ ಒಡೆದ ಸದ್ದಿನತ್ತ ನಡೆದಳು. ನನ್ನ ಕಿಟಕಿಯ ಕಡೆ ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆಯಲೂ ಇಲ್ಲ. ಅಂದು ಡೈರಿಯಲ್ಲಿ ಯಾರು ಏನು ಹೇಳಿದರು ಎಂಬುದನ್ನಷ್ಟೇ ಬರೆದು ನಿಲ್ಲಿಸಿದೆ.