ದೊಡ್ಡತಾಯಮ್ಮನ ಒಗ್ಗರಣೆ

ಬೆಳಕು ಹರಿಯುವುದರೊಳಗೆ ದೊಡ್ಡತಾಯಮ್ಮ ಕೊಟ್ಟಿಗೆಯ ಸಗಣಿ ಬಾಚಿ, ಬಾವಿಯಿಂದ ನೀರು ಹೊತ್ತು, ರಾಗಿ ಬೀಸಿ, ಒಲೆಯ ಬೂದಿ ತೆಗೆದಿದ್ದಳು. ಸವತಿ ಚಾಮುಂಡಿಯ ತೊಡೆಯ ಗಾಯವನ್ನು ಬೇವಿನ ನೀರಲ್ಲಿ ತೊಳೆದು ಹೊಸ ಸೊಪ್ಪು ಕಟ್ಟಿ, ಅವಳ ಪಾಲಿನ ಮುಸುರೆಯನ್ನೂ ತಿಕ್ಕಿಟ್ಟಿದ್ದಳು. ಆಮೇಲೆ ಗಂಡ ರಂಗನಾಯಕ ಎದ್ದು, ಈಟಿ ಹಿಡಿದು ಬೇಟೆಗೆ ಹೋದ. ಅವನು ಮಾಡಿದ್ದು ಅದೊಂದೇ ಕೆಲಸ. ಊರು ಮಾತಾಡಿಕೊಳ್ಳುವುದೂ ಅದೊಂದನ್ನೇ.

ಮೊದಲ ಎಲೆಕ್ಷನ್ ನಡೆದ ವರ್ಷ ಅದು. ಕಡಲೆಕಾಯಿ ಹೊಲಕ್ಕೆ ಹಂದಿ ಬೀಳುತ್ತಿತ್ತು. ನಾಲ್ಕು ದಿನದ ಹಿಂದೆ ಕಾವಲಿಗೆ ಹೋಗಬೇಕಾದ ರಂಗನಾಯಕ ತೆರಕಣಾಂಬಿಯಲ್ಲಿ ಕುಡಿದು ಬಿದ್ದಿದ್ದರಿಂದ ಚಾಮುಂಡಿ ಹೋಗಿದ್ದಳು. ಹಂದಿ ಅವಳ ತೊಡೆ ಸೀಳಿತ್ತು. ಗುಂಡ್ಲುಪೇಟೆ ಆಸ್ಪತ್ರೆಗೆ ಗಾಡಿ ಹೂಡಲು ಗಂಡ ಒಪ್ಪಲಿಲ್ಲ. ನಾಟಿ ಔಷಧಿಯ ಗುರುಮಲ್ಲಯ್ಯ ಸೊಪ್ಪು ಕಟ್ಟಿ, ಗಾಯ ಒಣಗುವವರೆಗೆ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದು, ಎದ್ದರೆ ನಂಜೇರಿ ಜೀವಕ್ಕೆ ಬರುತ್ತದೆ ಎಂದು ಹೇಳಿಹೋದ.

ಮಧ್ಯಾಹ್ನ ಜಡಿಮಳೆಯಲ್ಲೇ ಗಂಡಸರು ಹಂದಿಯನ್ನು ಹೊತ್ತು ತಂದರು. ಜಗಲಿಯ ಮಾಡಿನಡಿ ಹುಲ್ಲುರಿಯಲ್ಲಿ ಸುಟ್ಟು, ಕೂದಲು ಹೆರೆದು, ಮನೆಮನೆಗೆ ಪಾಲು ಹಾಕಿದರು. ಮೊದಲ ಈಟಿ ಯಾರದೋ ಅವರ ಮನೆಯಲ್ಲಿ ಬೇಟೆಯವರಿಗೆಲ್ಲ ಊಟ. ಈ ಸಲ ಅದು ರಂಗನಾಯಕನದು.

"ಅತ್ಗೆವ್ವಾ, ನಿನ್ ಒಗ್ಗರಣೆ ವಾಸ್ನೆ ಚಾಮರಾಜನಗರದ ಗಂಟ ಓಗ್ಬೇಕು ಕಣವ್ವ!" ಎಂದ ಗಂಡನ ಗೆಳೆಯ ಚಿಕ್ಕಮಾದಯ್ಯ.

ದೊಡ್ಡತಾಯಮ್ಮ ಗಂಡನ ಕಡೆ ತಿರುಗಿದಳು. "ಗಾಯ ಒಣಗೋಗಂಟ ಒಗ್ಗರಣೆ ಬ್ಯಾಡ ಅಂದವ್ರೆ ಗುರುಮಲ್ಲಯ್ನೋರು. ಮಾದಯ್ನೋರ ಮನೇಲಿ ಬೇಯ್ಸನ."

"ನನ್ ಅಂದಿ ಇನ್ನೊಬ್ರ ಒಲೇಲಿ ಬೇಯ್ಬೇಕಾ? ಅವಳ ಗಾಯ ಏನು ಮೂಗಿಟ್ಕಂಡದಾ?"

ಗಂಡಸರು ನಕ್ಕರು. ಅವನಿಗೆ ಇನ್ನಷ್ಟು ಹುರುಪು ಬಂತು. "ಒಗ್ಗರಣೆ ಬೀಳ್ನಿಲ್ಲ ಅಂದ್ರೆ ನೀ ಬೇಗೂರ್ ದಾರಿ ಇಡಿ."

ಬೇಗೂರು ಅವಳ ತವರು. ಅಲ್ಲಿ ಅಣ್ಣನ ಬಾಗಿಲು ಮುಚ್ಚಿ ವರ್ಷಗಳಾಗಿದ್ದವು. ಮಕ್ಕಳಾಗಲಿಲ್ಲವೆಂದು ಚಾಮುಂಡಿಯನ್ನು ಕರೆತಂದ ದಿನ ರಂಗನಾಯಕ, "ನೀನೂ ಇರು. ಅಂದಿ ಬೇಯ್ಸಕ್ಕೆ ಒಬ್ರು ಬೇಕಲ್ಲ" ಎಂದಿದ್ದ. ಅಂದಿನಿಂದ ಅವಳು ಆ ಒಗ್ಗರಣೆಯ ಬಲದ ಮೇಲೆಯೇ ಆ ಮನೆಯಲ್ಲಿ ಇದ್ದಳು.

ಅರಿಸಿನ ಹಚ್ಚಿ ತೊಳೆದ ಬಾಡು ಬೆಂದಿತು. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕಾಳುಮೆಣಸು, ಶುಂಠಿ ಅರೆದು ಖಾರ ಹಾಕಿದಳು. ಆದರೂ ಕಾಡುಹಂದಿಯ ನಾತ ಹೋಗಿರಲಿಲ್ಲ. ಅದು ಹೋಗುವುದು ಹಂದಿಯದೇ ಕೊಬ್ಬು ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಸಿಡಿಸಿ ಸುರಿದಾಗ. ಬಾಣಲೆಯಲ್ಲಿ ಕೊಬ್ಬು ಕರಗತೊಡಗಿತು.

ಒಲೆಗೂ ಮಲಗುವುದಕ್ಕೂ ಇದ್ದದ್ದೊಂದೇ ಅಂಕಣ. ಒಂದೆರಡು ಮಾರು ಆಚೆ ಚಾಪೆಯ ಮೇಲೆ ಚಾಮುಂಡಿಯ ಮೈ ಸುಡುತ್ತಿತ್ತು.

"ಅಕ್ಕಯ್ಯ, ಆಕ್ಬುಡು. ನನ್ ದೆಸೆಯಿಂದ ನೀ ವದೆ ತಿನ್ಬ್ಯಾಡ."

"ಸುಮ್ಕೆ ಮನಿಕ ಕಣಮ್ಮಿ."

ಕೊಬ್ಬು ಹೊಗೆಯಾಡಿತು. ಹಾಕಿದರೆ ತಪ್ಪು ಗಂಡನದು, ಊರೇ ಸಾಕ್ಷಿ. ಈ ಹುಡುಗಿ ಹೋದರೆ ಮನೆಯಲ್ಲಿ ಮತ್ತೆ ತಾನೊಬ್ಬಳೇ ಹೆಂಡತಿ. ಆ ಯೋಚನೆ ಬಂದದ್ದನ್ನು ದೊಡ್ಡತಾಯಮ್ಮ ಬಚ್ಚಿಟ್ಟುಕೊಳ್ಳಲಿಲ್ಲ. ಅದನ್ನು ಚೆನ್ನಾಗಿಯೇ ನೋಡಿದಳು. ಬೆಳ್ಳುಳ್ಳಿ ಅವಳ ಅಂಗೈಯಲ್ಲಿತ್ತು.

"ಇನ್ನೂ ಎಷ್ಟೊತ್ತಮ್ಮೀ?" ಜಗಲಿಯಿಂದ ರಂಗನಾಯಕ ಕೂಗಿದ.

ಅವಳು ಬೆಳ್ಳುಳ್ಳಿಯನ್ನು ಮೊರಕ್ಕೆ ಹಾಕಿದಳು. ಸೆರಗಿನಲ್ಲಿ ಬಾಣಲೆ ಹಿಡಿದು ಹಿತ್ತಲ ಬಾಗಿಲು ತೆರೆದು, ಕಾದ ಕೊಬ್ಬನ್ನು ಮಳೆಯ ಕೆಸರಿಗೆ ಸುರಿದಳು. ಚುರ್ ಎಂದು ಎದ್ದ ಹೊಗೆ ಒಳಗೆ ನುಗ್ಗದಂತೆ ಕದ ಹಾಕಿಕೊಂಡಳು. ನಾತ ಬಿಡದ ಬಾಡಿನ ಮಡಕೆಯನ್ನು ಎತ್ತಿಕೊಂಡು ಜಗಲಿಗೆ ಹೊರಟಳು.