ನಲ್ಲಿಯ ಹೆಲ್ತ್ ಬುಲೆಟಿನ್

ಹೊಸ ಐ.ಟಿ. ನಿಯಮಗಳು ಜಾರಿಗೆ ಬಂದ ಮರುವರ್ಷ, 2022ರಲ್ಲಿ, ನಾನು ವಿಶಾಖಪಟ್ಟಣದ ಒಂದು ಸಣ್ಣ ವಿಡಿಯೊ ಆ್ಯಪ್ ಕಂಪನಿಗೆ ಗ್ರೀವೆನ್ಸ್ ಆಫೀಸರ್ ಆಗಿ ಸೇರಿದೆ. ಅದಕ್ಕೂ ಮೊದಲು ಅದೇ ಊರಿನ ಸರ್ಕಾರಿ ಕಾರ್ಖಾನೆಯೊಂದರ ಕಾನೂನು ವಿಭಾಗದಲ್ಲಿ ಮೂವತ್ತು ವರ್ಷ ಕಡತ ತಿರುವಿ ನಿವೃತ್ತನಾಗಿದ್ದೆ. ರಾಣೆಬೆನ್ನೂರಿನವನಾದ ನಾನು ಪೆಂಡುರ್ತಿಯಲ್ಲಿ ಮನೆ ಕಟ್ಟಿಕೊಂಡು, ದಿನವಿಡೀ ಅಡುಗೆಮನೆಯ ವಿಚಾರಕ್ಕೆ ಮೂಗು ತೂರಿಸುತ್ತಿದ್ದೆ. ಹಾಗಾಗಿ ಕೆಲಸ ಸಿಕ್ಕಿದ್ದಕ್ಕೆ ನನಗಿಂತ ಹೆಂಡತಿ ಸರೋಜಾಳಿಗೇ ಹೆಚ್ಚು ಖುಷಿಯಾಯಿತು.

ಕೆಲಸ ಇಷ್ಟು. ಆ್ಯಪ್‌ನಲ್ಲಿ ಬಂದ ವಿಡಿಯೊದ ಮೇಲೆ ಯಾರಾದರೂ ದೂರು ಕೊಟ್ಟರೆ ಇಪ್ಪತ್ತನಾಲ್ಕು ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಹದಿನೈದು ದಿನದೊಳಗೆ ತೀರ್ಮಾನ ಕೊಡಬೇಕು. ದೂರು ನಿಜವೆನಿಸಿದರೆ ವಿಡಿಯೊ ತೆಗೆದು ಆ ಚಾನೆಲ್‌ಗೆ ಒಂದು ‘ಸ್ಟ್ರೈಕ್’ ಹಾಕುವುದು ನಮ್ಮ ಕಂಪನಿಯ ಪದ್ಧತಿ. ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಬಂದ್. ಅದರಲ್ಲಿರುವ ಅಷ್ಟೂ ವಿಡಿಯೊ ಅಳಿಸಿಹೋಗುತ್ತವೆ, ಮತ್ತೆ ಸಿಗುವುದಿಲ್ಲ. ದೂರು ಬಂದ ವಿಡಿಯೊಗಳೆಲ್ಲ ಹೆಚ್ಚುಕಡಿಮೆ ತೆಲುಗಿನವು. ನನ್ನದೋ ಸಂತೆ ತೆಲುಗು. ಅದಕ್ಕೇ ಕಂಪ್ಯೂಟರ್ ಪ್ರತಿ ವಿಡಿಯೊದ ಮಾತನ್ನೂ ಇಂಗ್ಲಿಷಿಗೆ ಇಳಿಸಿ ಕೊಡುತ್ತಿತ್ತು. ನೋಡಲು ಹತ್ತು ನಿಮಿಷ ಬೇಕು, ಓದಲು ಒಂದೇ ನಿಮಿಷ. ಜೀವನವಿಡೀ ಕಡತ ಓದಿದವನಿಗೆ ಬರೆದದ್ದೇ ವೇದವಾಕ್ಯ. ನಾನು ಓದಿಯೇ ತೀರ್ಮಾನ ಕೊಡುತ್ತಿದ್ದೆ.

ಒಂದು ದಿನ ವಿಜಯವಾಡದಿಂದ ದೂರು ಬಂತು. ದೂರುದಾರರು ನೀರು ಸರಬರಾಜಿನ ಒಬ್ಬ ಅಸಿಸ್ಟೆಂಟ್ ಎಂಜಿನಿಯರ್. ಫಾರಂನಲ್ಲಿ ಅಶ್ಲೀಲ, ಮಾನಹಾನಿ, ಸುಳ್ಳು ಸುದ್ದಿ, ಕೊನೆಗೆ ದೇಶದ ಭದ್ರತೆಗೆ ಧಕ್ಕೆ, ಎಲ್ಲ ಚೌಕಕ್ಕೂ ಟಿಕ್ ಹಾಕಿದ್ದರು. ಕಂಪ್ಯೂಟರ್ ಕೊಟ್ಟ ಬರಹದಲ್ಲಿ, “ಬೆಳಿಗ್ಗೆ ಆರಕ್ಕೆ ರೋಗಿ ಕೊನೆಯುಸಿರೆಳೆದರು. ಎಂಜಿನಿಯರ್ ಗಾರು ಮೂರು ದಿನದಿಂದ ನೋಡಲು ಬಂದಿಲ್ಲ,” ಎಂದಿತ್ತು. ಸತ್ತವರಾರೂ ಇಲ್ಲ ಎಂದು ದೂರುದಾರರು ಬರೆದಿದ್ದರು. ಸಾವಿನ ಸುಳ್ಳು ಸುದ್ದಿ ಎಂದು ವಿಡಿಯೊ ತೆಗೆದೆ. ಮರುವಾರ ಅದೇ ರೋಗಿ ಮತ್ತೊಮ್ಮೆ ಸತ್ತರು. ಜಾಣನಾದ ನನಗೆ ಆಗಲೂ ಅನುಮಾನ ಬರಲಿಲ್ಲ. ಒಬ್ಬರನ್ನೇ ಎರಡು ಸಲ ಸಾಯಿಸುವ ಈ ಚಾನೆಲ್‌ನವರು ಎಂಥ ಸುಳ್ಳರು ಎಂದುಕೊಂಡು ಎರಡನೇ ಸ್ಟ್ರೈಕ್ ಹಾಕಿದೆ.

ಆ ಭಾನುವಾರ ಊಟಕ್ಕೆ ಬಡಿಸುತ್ತ ಸರೋಜಾ ಗೊಣಗಿದಳು. ಅವಳ ತೆಲುಗು ನನ್ನದಕ್ಕಿಂತ ಹತ್ತು ಪಾಲು ಚೆನ್ನಾಗಿದೆ.

“ನಲ್ಲಿ ನರ್ಸಮ್ಮನ ವಿಡಿಯೊ ಎರಡು ಕಾಣವಲ್ಲವು. ಯಾವ ಪುಣ್ಯಾತ್ಮ ತಗಸ್ಯಾನೋ ಏನೋ.”

ಯಾವ ನರ್ಸಮ್ಮ ಎಂದು ಕೇಳಿದೆ. ವಿಜಯವಾಡದ ಭವಾನಿಪುರಂನ ಸತ್ಯವತಿ ಗಾರು ಎಂಬ ನಿವೃತ್ತ ನರ್ಸ್ ಬಿಳಿ ಸೀರೆಯುಟ್ಟು, ಮನೆಯ ನಲ್ಲಿಗೆ ಸ್ಟೆತಸ್ಕೋಪ್ ಹಿಡಿದು, ಗಂಭೀರವಾಗಿ ಹೆಲ್ತ್ ಬುಲೆಟಿನ್ ಓದುತ್ತಾರಂತೆ. ನೀರು ನಿಂತ ದಿನ ನಲ್ಲಿ ಸಾಯುತ್ತದೆ, ಬಂದ ದಿನ ಎದ್ದು ಕೂರುತ್ತದೆ. ಎರಡು ಸಲ ಸತ್ತ ರೋಗಿ ಯಾರೆಂದು ಆಗ ಹೊಳೆಯಿತು. ಪಕ್ಕದ ಮನೆಯವರು ಕಳಿಸಿದ್ದ ಒಂದು ಹಳೆಯ ವಿಡಿಯೊ ಅವಳ ಫೋನಿನಲ್ಲಿತ್ತು. ನೋಡಿದೆ, ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಆ ಪುಣ್ಯಾತ್ಮ ನಾನೇ ಎಂದು ಒಪ್ಪಿಕೊಂಡೆ.

“ನೋಡಲಾರದ ತಗದ್ರಿ?” ಎಂದಳು ಸರೋಜಾ.

ಸೋಮವಾರ ಅದೇ ಎಂಜಿನಿಯರರ ಮೂರನೇ ದೂರು ಬಂತು. ಇದನ್ನೂ ಎತ್ತಿಹಿಡಿದರೆ ಸತ್ಯವತಿ ಗಾರು ಅವರ ಎರಡು ವರ್ಷದ ಬುಲೆಟಿನ್‌ಗಳೆಲ್ಲ ಮಣ್ಣುಪಾಲು. ನಮ್ಮ ಮಾಲೀಕರು, ತಲೆನೋವೇಕೆ, ತೆಗೆದುಬಿಡಿ ಎಂದರು. ಅಧಿಕಾರಿಯ ಕೆಲಸವನ್ನು ಗೇಲಿ ಮಾಡುವುದು ಜನರ ಹಕ್ಕು, ಯಾರಿಗೋ ಬೇಸರವಾಯಿತೆಂದು ತೆಗೆಯಿರೆಂದು ಕಾನೂನು ಹೇಳುವುದಿಲ್ಲ, ನನಗೆ ಹದಿನೈದು ದಿನ ಇದೆ ಎಂದೆ. ಈ ಸಲ ಸರೋಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೊವನ್ನು ಎರಡು ಬಾರಿ ಪೂರ್ತಿ ನೋಡಿದೆ. ಕೊನೆಯಲ್ಲಿ ನರ್ಸಮ್ಮ ಒಂದು ಸ್ಲೇಟು ಎತ್ತಿ ಹಿಡಿದಿದ್ದರು. ಅದರಲ್ಲಿ ‘ಡ್ಯೂಟಿ ಡಾಕ್ಟರ್’ ಎಂದು ಬರೆದು, ಕೆಳಗೊಂದು ಫೋನ್ ನಂಬರ್. ಇಬ್ಬರನ್ನೂ ಕಂಡೇ ತೀರ್ಮಾನ ಕೊಡುವುದೆಂದು ಮರುದಿನ ವಿಜಯವಾಡಕ್ಕೆ ಬೆಳಗಿನ ರೈಲು ಹತ್ತಿದೆ.

ಭವಾನಿಪುರಂನ ಮೂರನೇ ಮಹಡಿಯಲ್ಲಿ ಸತ್ಯವತಿ ಗಾರು ನನಗೆ ಅರ್ಧ ಲೋಟ ನೀರು ಕೊಟ್ಟು, ರೋಗಿಯ ದಾನ, ಚೆಲ್ಲಬೇಡಿ ಎಂದರು. ಗೋಡೆಯ ಮೇಲೆ ಆಸ್ಪತ್ರೆಯಲ್ಲಿ ಜ್ವರದ ಚಾರ್ಟ್ ಹಾಕುವಂತೆ, ನೀರು ಬಂದ ಹೊತ್ತು, ನಿಂತ ಹೊತ್ತು ಬರೆದ ಚಾರ್ಟ್ ತೂಗುತ್ತಿತ್ತು. ನಮ್ಮ ಮಾತೆಲ್ಲ ತೆಲುಗಿನಲ್ಲೇ ನಡೆಯಿತು.

“ಅರ್ಜಿ ಬರೆದು ಬರೆದು ಕೈ ಸೋತಿತ್ತು, ಒಬ್ಬರೂ ಓದಲಿಲ್ಲ. ಬುಲೆಟಿನ್ ಶುರು ಮಾಡಿದ ಮೇಲೆ ಟ್ಯಾಂಕರ್ ಬಂತು. ಇದನ್ನೂ ಕಿತ್ತುಕೊಂಡರೆ ಈ ಮುದುಕಿಯ ಮಾತು ಯಾರು ಕೇಳುತ್ತಾರೆ, ಹೇಳಿ ಸಾರ್?”

ಅವರ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

ಅಲ್ಲಿಂದ ಗವರ್ನರ್‌ಪೇಟೆಗೆ ಆಟೊ ಹಿಡಿದು ಎಂಜಿನಿಯರರ ಆಫೀಸಿಗೆ ಹೋದೆ. ದರ್ಪದ ಮನುಷ್ಯ ಇರಬಹುದೆಂದು ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ನೋಡಿದರೆ ಪಾಪ, ದಣಿದ ಜೀವ. ಪೈಪು ಹಳೆಯದು, ಬದಲಿಸುವ ಅಧಿಕಾರ ಅವರಿಗಿಲ್ಲ, ಮೇಲಿನವರು ಮಾತ್ರ ಪ್ರತಿ ಬುಲೆಟಿನ್ ಅವರಿಗೇ ಕಳಿಸಿ ಬೈಯುತ್ತಾರೆ. ಮೂರೂ ವಿಡಿಯೊಗಳ ಸ್ಲೇಟಿನ ಮೇಲಿದ್ದದ್ದು ಆಫೀಸಿನ ನಂಬರಲ್ಲ, ಅವರ ಮನೆಯದು. ತೀರಾ ಕಷ್ಟವಾದರೆ ಕರೆಯಿರಿ ಎಂದು ಸತ್ಯವತಿ ಗಾರುವಿಗೆ ತಾವೇ ನಂಬಿ ಕೊಟ್ಟದ್ದು.

“ನನ್ನ ಕೆಲಸಕ್ಕೆ ಬೈಯಲಿ ಸಾರ್, ಅಭ್ಯಾಸವಾಗಿದೆ. ಹಗಲೆಲ್ಲ ಆ ಫೋನ್ ನಮ್ಮ ಅಮ್ಮನ ಕೈಯಲ್ಲಿರುತ್ತದೆ. ಯಾರು ಯಾರೋ ಕರೆದು ಅವರಿಗೆ ಬೈಯುತ್ತಾರೆ.”

ಮತ್ತೆ ದೇಶದ ಭದ್ರತೆಗೆ ಯಾಕೆ ಟಿಕ್ ಹಾಕಿದಿರಿ ಎಂದು ಕೇಳಿದೆ. ಅಮ್ಮ ಅಳುತ್ತಿದ್ದಾರೆ ಎನ್ನುವ ಚೌಕ ನಿಮ್ಮ ಫಾರಂನಲ್ಲಿ ಇರಲಿಲ್ಲವಲ್ಲ ಎಂದರು.

ಸಂಜೆ ಮತ್ತೆ ಭವಾನಿಪುರಂಗೆ ಬಂದು ಇದನ್ನೆಲ್ಲ ಹೇಳಿದೆ. ಸತ್ಯವತಿ ಗಾರು, ರೋಗಿಯ ಮನೆ ವಿಷಯ ಹೊರಗೆ ಬಿಡಬಾರದೆಂದು ವಾರ್ಡಿನಲ್ಲಿ ಎಲ್ಲರಿಗೂ ಬೈಯುತ್ತಿದ್ದವಳು ನಾನೇ, ನನಗೇ ಮರೆತುಹೋಯಿತಲ್ಲ ಎಂದು ಹಣೆ ಚಚ್ಚಿಕೊಂಡರು. ನನ್ನೆದುರಿಗೇ ಮೂರೂ ವಿಡಿಯೊಗಳ ಸ್ಲೇಟಿನ ಭಾಗ ಕತ್ತರಿಸಿ ಹಾಕಿದರು. ನಾನೂ ಅಲ್ಲೇ ಆದೇಶ ಬರೆದೆ: ಮೊದಲಿನ ಎರಡೂ ಸ್ಟ್ರೈಕ್ ರದ್ದು, ಆ ವಿಡಿಯೊಗಳು ವಾಪಸ್. ಮೂರನೆಯದೂ ಉಳಿಯಬಹುದು, ನಂಬರ್ ಮಾತ್ರ ಯಾವುದರಲ್ಲೂ ಇರಬಾರದು. ಗೇಲಿಗೆ ತಡೆಯಿಲ್ಲ. ಎಂಜಿನಿಯರರೂ ಫೋನಿನಲ್ಲಿ ಒಪ್ಪಿದರು.

ಮುಂದಿನ ವಾರ ಸರೋಜಾ ಜೋರಾಗಿ ನಗುತ್ತ ಫೋನ್ ತಂದು ನನ್ನ ಕೈಗಿಟ್ಟಳು. ಹೊಸ ಬುಲೆಟಿನ್. ಡ್ಯೂಟಿ ಡಾಕ್ಟರ್ ಮನೆಯವರಿಗೆ ಆದ ತೊಂದರೆಗೆ ಆಸ್ಪತ್ರೆ ಕೈಮುಗಿದು ಕ್ಷಮೆ ಕೇಳುತ್ತದೆ ಎಂದು ಶುರು. ನನಗೆ ಹೆಮ್ಮೆಯೆನಿಸಿತು. ಅಷ್ಟರಲ್ಲಿ ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಮುಂದೆ ಓದಿದರು.

“ವಿಶಾಖಪಟ್ಟಣದಿಂದ ದೊಡ್ಡ ಡಾಕ್ಟರ್ ಬಂದಿದ್ದರು. ಕನ್ನಡದವರು, ಒಳ್ಳೆಯವರು. ರೋಗಿಯ ಮುಖ ನೋಡದೆ ಎರಡು ಸಲ ಮರಣಪತ್ರ ಬರೆದಿದ್ದರು. ಈ ಸಲ ಬಂದು ನಾಡಿ ಹಿಡಿದು, ಜೀವ ಇದೆ ಎಂದರು.”

ಆಫೀಸಿನ ಲ್ಯಾಪ್‌ಟಾಪ್ ಎದುರಿಗೇ ಇತ್ತು, ತೆಗೆದುಹಾಕುವ ಬಟನ್ ಕೈಗೆಟಕುವಂತಿತ್ತು. ನಿಜ ಹೇಳಬೇಕೆಂದರೆ ಒಂದು ಕ್ಷಣ ಆಸೆಯೂ ಆಯಿತು. ಸರೋಜಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಮಂದೀನ ನೋಡಿ ನಕ್ಕರ ಹಕ್ಕು, ನಿಮ್ಮನ್ನ ನೋಡಿ ನಕ್ಕರ ಮಾನಹಾನಿ ಏನ್ರಿ?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಸಂಜೆಯೊಳಗೆ ಅವಳು ಅದನ್ನು ರಾಣೆಬೆನ್ನೂರಿನ ಬಂಧುಬಳಗಕ್ಕೆಲ್ಲ ಕಳಿಸಿ, ತೆಲುಗು ಬಾರದವರಿಗೆ ಫೋನ್ ಮಾಡಿ ಅರ್ಥವನ್ನೂ ಹೇಳಿದ್ದಳು. ಅಂದಿನಿಂದ ಪೂರ್ತಿ ನೋಡದೆ ನಾನು ಯಾವ ವಿಡಿಯೊವನ್ನೂ ತೆಗೆದಿಲ್ಲ. ನನ್ನ ಮರಣಪತ್ರದ ಬುಲೆಟಿನ್ ಈಗಲೂ ಆ ಚಾನೆಲ್‌ನಲ್ಲಿದೆ. ಕೆಲಸಕ್ಕೆ ಹೊಸಬರು ಸೇರಿದಾಗ ಮೊದಲು ಅದನ್ನೇ ತೋರಿಸುತ್ತೇನೆ.