ಬರಿಗಾಲಿಗೆ ಅಂಟಿದ ಹರಕೆ

ನನ್ನ ಬಲಗಾಲಿನ ಮಂಡಿಗೆ ನನಗಿಂತ ಮೊದಲು ಮುಪ್ಪು ಬಂತು. ಮೆಟ್ಟಿಲಿಳಿಯುವಾಗ ಕಟ್ ಕಟ್ ಎನ್ನುತ್ತಿತ್ತು, ಕುಳಿತೆದ್ದರೆ ನೋಯುತ್ತಿತ್ತು. ನೋಯದಿದ್ದ ದಿನ, ಇವತ್ತೇಕೆ ನೋಯುತ್ತಿಲ್ಲ ಎಂದು ಭಯವಾಗುತ್ತಿತ್ತು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಓಡೋದು ಬಿಡ್ರಿ ಮಾಸ್ತರ್, ವಾಕಿಂಗ್ ಮಾಡ್ರಿ" ಅಂದುಬಿಟ್ಟರು.

ಅವರಿಗೇನು, ಹೇಳಿದರು. ನಾನು ಹುಟ್ಟಾ ಚಿಂತೆಯ ಮನುಷ್ಯ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ರಾಯಚೂರು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿಬಂದವನು. ದಿನಾ ಮಾನ್ವಿಯ ಕಾಲೇಜಿಗೆ ಪಾಠ ಹೇಳಲು ಹೋಗುವ ಬಸ್ಸಿನಲ್ಲಿ ಕೂತು, ಟೈರು ಸಿಡಿಯಬಹುದಾದ ಬಗೆಗಳನ್ನೆಲ್ಲ ಯೋಚಿಸಿ ಮುಗಿಸಿದ್ದೇನೆ. ಇಡೀ ದಿನದಲ್ಲಿ ನನ್ನ ತಲೆ ಖಾಲಿಯಾಗುತ್ತಿದ್ದುದು ಬೆಳಗಿನ ಓಟದಲ್ಲಿ ಮಾತ್ರ. ಅದೂ ಹೋದರೆ ಎಚ್ಚರವಿರುವಷ್ಟು ಹೊತ್ತೂ ನನ್ನ ಜೊತೆ ನಾನೇ ಇರಬೇಕಾಗುತ್ತದೆ. ಆ ಸಹವಾಸ ಎಂಥದ್ದು ಅಂತ ನನಗೆ ಗೊತ್ತು.

ಹಾಗಾಗಿ ಮೊಬೈಲಿನಲ್ಲಿ ಹುಡುಕಿದೆ. ಕಡ್ಡಿಯಂಥ ಒಬ್ಬ ಮನುಷ್ಯ ಬರಿಗಾಲಲ್ಲಿ ಓಡುತ್ತ, ದಪ್ಪ ತಳದ ಬೂಟು ಬಿಚ್ಚಿದ ಮೇಲೆ ತನ್ನ ಮಂಡಿನೋವು ಹೋಯಿತೆಂದು ನಗುತ್ತಿದ್ದ. ಹೆಂಡತಿಗೆ ತೋರಿಸಿದೆ.

"ಮೊಬೈಲ್‌ನ್ಯಾಗ ಬಂದಿದ್ದೆಲ್ಲಾ ಮಾಡಾಕ ಹೊಂಟ್ರ, ನಾಳೆ ತೆಲಿ ಕೆಳಗ ಮಾಡಿ ನಡೀತೀರಿ ನೀವು" ಅಂದಳು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಕರಗಿದಳು. "ಬೇಸಿಗಿ ಸೂಟಿ ಮುಗಿಯೂತನಾ ಮಾಡ್ರಿ. ಮಂಡಿ ಸುಧಾರಿಸಲಿಲ್ಲ ಅಂದ್ರ ಓಟ ಬಂದ್. ಮತ್ತ ನನ್ನ ಮುಂದ ಮಾತಾಡಂಗಿಲ್ಲ."

ಬರಿಗಾಲೆಂದರೆ ಧೈರ್ಯ ಸಾಲಲಿಲ್ಲ. ಮೊದಲು ತೆಳು ತಳದ ಬೂಟು ಕೇಳಲು ಮಾರ್ಕೆಟ್ಟಿನಲ್ಲಿರುವ ನನ್ನ ಗೆಳೆಯನ ಚಪ್ಪಲಿ ಅಂಗಡಿಗೆ ಹೋದೆ. ನನ್ನ ದಪ್ಪ ಬೂಟುಗಳನ್ನೆಲ್ಲ ಮಾರಿದವನು ಅವನೇ.

"ಅರೇ ಮಾಸ್ತರ್, ಅಂಗಡಿ ಇಟ್ಟಾಗಿಂದ ಗಿರಾಕಿಗಳು ದಪ್ಪಂದು ಕೊಡು, ದಪ್ಪಂದು ಕೊಡು ಅಂತಾರ. ತೆಳ್ಳಂದು ಕೇಳಿದವ್ರು ನೀವ ಫಸ್ಟ್" ಅಂದ. "ಒಂದ್ ಕೆಲಸ ಮಾಡ್ರಿ. ಈಗ ಹಾಕ್ಕೊಂಡ ಚಪ್ಪಲೀನ ಇನ್ನೊಂದೆರಡು ವರ್ಷ ಹಾಕ್ಕೋರಿ. ತಾನ ತೆಳ್ಳಗಾಗ್ತದ."

ಮರುದಿನ ಕೋಟೆಯ ಪಕ್ಕದ ಕೆರೆಯ ದಂಡೆಯಲ್ಲಿ ಬೂಟು ಬಿಚ್ಚಿದೆ. ನಮ್ಮಪ್ಪ ನಮ್ಮೂರು ಕುರ್ಡಿಯ ಹೊಲಗಳಲ್ಲಿ ಬರಿಗಾಲಲ್ಲಿ ಕೂಲಿ ಮಾಡಿ, ನನ್ನ ಕಾಲಿಗೆ ಬೂಟು ಹಾಕಿಸಿ ಶಾಲೆಗೆ ಕಳಿಸಿದವನು. ಅದನ್ನು ನಾನಾಗಿಯೇ ಬಿಚ್ಚುತ್ತಿದ್ದೇನೆಂದು ಅವನಿಗೆ ಹೇಗೆ ಹೇಳುವುದು? ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೂ ಆ ಬಗ್ಗೆ ಒಂದಿಡೀ ದಿನ ಚಿಂತೆ ಮಾಡಿದೆ.

ಮೊದಲ ವಾರ ಅದನ್ನು ಓಟ ಅನ್ನುವಂತಿರಲಿಲ್ಲ. ಪ್ರತಿ ಹರಳಿಗೂ ಅಯ್ಯೋ ಅನ್ನುತ್ತ ಕುಪ್ಪಳಿಸುತ್ತಿದ್ದೆ. ಜಾಲಿ ಮುಳ್ಳು ಕಾಲಲ್ಲಿ ಮುರಿದರೆ ಮನೆಗೆ ಕುಂಟುತ್ತ ಬಂದು ಅಂಗಾಲನ್ನು ಹೆಂಡತಿಯ ಮುಂದೆ ಹಿಡಿಯುತ್ತಿದ್ದೆ. ಅವಳು ಸೂಜಿಯನ್ನು ತುಸು ಆಳವಾಗಿಯೇ ಚುಚ್ಚುತ್ತಿದ್ದಳು. ನಿಧಾನಕ್ಕೆ ಕಾಲೇ ಕಲಿತುಕೊಂಡಿತು. ಹೆಜ್ಜೆ ಚಿಕ್ಕದಾಯಿತು. ಹಿಮ್ಮಡಿಯನ್ನು ಧಪ್ಪೆಂದು ಹಾಕುವುದು ಬಿಟ್ಟು, ಅಂಗಾಲಿನ ಮುಂಭಾಗವನ್ನು ಮೆತ್ತಗೆ ಊರತೊಡಗಿದೆ. ಬಿಸಿಲೇರಿದರೆ ಡಾಂಬರು ಕಾದ ಹಂಚು, ಆದರೆ ರಸ್ತೆಯಂಚಿನ ಬಿಳಿ ಪಟ್ಟಿ ಅಷ್ಟು ಸುಡುವುದಿಲ್ಲ ಎಂದೂ ತಿಳಿಯಿತು. ತಡವಾದ ದಿನ ಆ ಪಟ್ಟಿಯ ಮೇಲೆ ಹಗ್ಗದ ಮೇಲಿನ ದೊಂಬರವನಂತೆ ಮನೆ ಸೇರುತ್ತಿದ್ದೆ. ಮೀನಖಂಡ ಬೊಬ್ಬೆ ಹೊಡೆಯುತ್ತಿತ್ತು. ಮಂಡಿ ಮಾತ್ರ ದಿನದಿಂದ ದಿನಕ್ಕೆ ಸುಮ್ಮನಾಗುತ್ತ ಬಂತು.

ಅದೇ ಹೊತ್ತಿಗೆ ಜನ ನನ್ನನ್ನು ವಿಪರೀತ ಗೌರವದಿಂದ ನೋಡತೊಡಗಿದರು. ಹಾಲು ತರಲು ಬಂದ ಹೆಂಗಸರು ಬದಿಗೆ ಸರಿದು ದಾರಿ ಬಿಟ್ಟರು. ಒಬ್ಬ ಹಿರಿಯರು ಕೈಮುಗಿದರು. ಚಹಾದ ಅಂಗಡಿಯವನು ಕರೆದು ಕೂಡಿಸಿ, "ನಮ್ಮ ಹುಡುಗಿ ಸಲುವಾಗಿನೂ ಒಂದು ಮಾತು ಕೇಳ್ಕೊಳ್ರಿ ಸರ್" ಅಂದ. ಆ ಹುಡುಗಿಗೆ ಕಾಲೇಜು ಸೀಟು ಬೇಕಿರಬೇಕು ಅಂದುಕೊಂಡು, ಆಗಲಿ ಎಂದೆ. ಉಳಿದವರೆಲ್ಲ ನನ್ನ ಓಟದ ವೇಗಕ್ಕೆ ಮರುಳಾಗಿದ್ದಾರೆಂದೇ ನಂಬಿದ್ದೆ. ನಡುವಯಸ್ಸಿನಲ್ಲಿ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ.

ಒಂದು ಬೆಳಿಗ್ಗೆ ಓಡಿ ಮನೆಗೆ ಬಂದರೆ ಜಗಲಿಯ ಮೇಲೆ ನಮ್ಮತ್ತೆ. ದೇವದುರ್ಗದಿಂದ ಮೊದಲ ಬಸ್ಸು ಹಿಡಿದು ಬಂದಿದ್ದರು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ನನಗ ಯಾಕ ಮುಚ್ಚಿಟ್ರಿ? ಏನಾಗ್ಯಾದ ನನ್ನ ಮಗಳಿಗೆ?"

"ಯವ್ವಾ, ನನಗ ಏನೂ ಆಗಿಲ್ಲ, ಬಿಡು!" ಹೆಂಡತಿ ಕೊಸರಿಕೊಂಡಳು.

"ಏನೂ ಆಗಿಲ್ಲ ಅಂದ್ರ ಅಳಿಯಂದ್ರು ಯಾಕ ಹರಕಿ ಹೊತ್ತಾರ? ದೇವದುರ್ಗದ ಸಂತ್ಯಾಗ ಮಂದಿ ನನ್ನ ಕೇಳಾಕತ್ತಾರ. ಕಾಲಾಗ ಚಪ್ಪಲಿ ಇಲ್ಲ, ಗಡ್ಡ ಬಿಟ್ಟಾರ, ಮಟನ್ ಮುಟ್ಟವಲ್ರು ಅಂತ. ಇನ್ನೇನು ಹೇಳಬೇಕು?"

ಆಗ ನನಗೆ ಹೊಳೆಯಿತು. ಗಡ್ಡ ಬಿಟ್ಟದ್ದು ಸೂಟಿಯ ಸೋಮಾರಿತನಕ್ಕೆ. ಮಟನ್ ಬಿಟ್ಟದ್ದು ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿರಬಹುದೆಂಬ ನನ್ನ ಸ್ವಂತ ಅನುಮಾನಕ್ಕೆ. ಬರಿಗಾಲು ಮಂಡಿಗೆ. ಮೂರೂ ಸೇರಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ದೊಡ್ಡ ಸಂಕಟಕ್ಕೆ ದೊಡ್ಡ ಹರಕೆ. ಅದಕ್ಕೇ ನೋಡಿ ಈ ಮನುಷ್ಯ ನಡೆಯುವುದೂ ಇಲ್ಲ, ಓಡುತ್ತಾನೆ ಎಂದುಕೊಂಡಿದ್ದಾರೆ ಜನ.

"ಹರಕಿ ಇಲ್ರೀ ಅತ್ತಿ, ಇದು ಕಸರತ್ತು" ಎಂದೆ.

"ಹೇಳಬಾರದು ಅಂತ ಇದ್ರ ಹೇಳಬ್ಯಾಡ್ರಿ. ಸುಳ್ಳು ಮಾತ್ರ ಆಡಬ್ಯಾಡ್ರಿ" ಅಂದರು ಅತ್ತೆ. ಅವರ ಕಣ್ಣು ತುಂಬಿತ್ತು.

ಸಾಕ್ಷಿಗೆಂದು ಚಪ್ಪಲಿ ಅಂಗಡಿಯ ಗೆಳೆಯನನ್ನು ಕರೆಸಿದೆ. "ಭಾಯ್, ನೀವಾದ್ರೂ ಹೇಳ್ರಿ."

ಅವನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಹರಕಿ ಅಲ್ಲ ಅಂತ ಮಾಸ್ತರ್ ಹೇಳ್ತಾರ. ಆದ್ರ ಹರಕಿ ಇದ್ದವ್ರೂ ಹಂಗ ಹೇಳ್ತಾರಲ್ರೀ!"

ಅತ್ತೆ ಅಲ್ಲಿಗೆ ತೀರ್ಮಾನ ಕೊಟ್ಟರು. ಹರಕೆ ಯಾವುದೇ ಇರಲಿ, ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗಿ ತೀರಿಸಿಬಿಡಬೇಕು. ಇಲ್ಲದಿದ್ದರೆ ತನಗೆ ನಿದ್ದೆ ಬರುವುದಿಲ್ಲ. ಬರುವ ಭಾನುವಾರ ಮಾನ್ವಿಯಿಂದ ನಾನು ಓಡುವುದು, ಹಿಂದೆ ಗೆಳೆಯನ ವ್ಯಾನಿನಲ್ಲಿ ಅವರೆಲ್ಲ ಬರುವುದು. ಚಿಂತೆ ನಮ್ಮ ಮನೆಯಲ್ಲಿ ನನ್ನೊಬ್ಬನ ಸ್ವತ್ತು ಅಂದುಕೊಂಡಿದ್ದೆ. ಅತ್ತೆಯ ಮುಖ ನೋಡಿದ ಮೇಲೆ ಗುಡಿಗೆ ಬರುವುದಿಲ್ಲ ಎನ್ನಲಾಗಲಿಲ್ಲ.

ಅಷ್ಟು ದೂರ ಬರಿಗಾಲಲ್ಲಿ ನಾನು ಎಂದೂ ಓಡಿರಲಿಲ್ಲ. ಮಾನ್ವಿಯಲ್ಲಿ ವ್ಯಾನಿನಿಂದ ಇಳಿಯುವಾಗ ಹೆಂಡತಿ ಕಿವಿಯಲ್ಲಿ ಹೇಳಿದಳು: "ಸೂಟಿನೂ ಮುಗೀಲಿಕ್ಕೆ ಬಂತು. ಇವತ್ತ ಖರೇ ತಿಳೀತದ. ಗುಡಿ ಮುಟ್ಟೋದ್ರಾಗ ಮಂಡಿ ಕೈಕೊಡ್ತು ಅಂದ್ರ, ನಮ್ಮ ಕರಾರು ಕರಾರು."

ಬೆಳಕು ಆಗಷ್ಟೇ ಹರಿಯುತ್ತಿತ್ತು. ರಸ್ತೆ ತಣ್ಣಗಿತ್ತು. ಕೊಯ್ಲಾದ ಭತ್ತದ ಗದ್ದೆಗಳ ಮೇಲಿಂದ ಗಾಳಿ ಬರುತ್ತಿತ್ತು. ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತ ಹೋದಂತೆ, ಮಂಡಿ ಇದೆ ಎಂಬುದೇ ಮರೆತುಹೋಯಿತು. ಹಿಂದಿದ್ದ ವ್ಯಾನಿನ ಕಿಟಕಿಯಿಂದ ಅತ್ತೆಯ ದನಿ ಬರುತ್ತಲೇ ಇತ್ತು: "ಮೆಲ್ಲಕ ಹೋಗ್ರಿ ಯಪ್ಪಾ! ದೇವಿ ಎಲ್ಲಿ ಓಡಿ ಹೊಕ್ಕಾಳ?"

ದಾರಿಯಲ್ಲಿ ಒಬ್ಬ ತಾಯಿ ಅಡ್ಡ ನಿಂತು, ನಮ್ಮದೊಂದು ಮುಟ್ಟಿಸಿಬಿಡು ಎಂದು ತೆಂಗಿನಕಾಯಿ ಕೈಗಿತ್ತಳು. ಅದನ್ನು ವ್ಯಾನಿಗೆ ಕೊಡಲು ಹೋದರೆ ಅತ್ತೆ ಗದರಿದರು, ಹರಕೆ ಹೊತ್ತವರೇ ಒಯ್ಯಬೇಕಂತೆ. ಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದೆ. ಒಂದು ಕಡೆ ರಸ್ತೆ ರಿಪೇರಿಗೆ ಜಲ್ಲಿ ಹರಡಿದ್ದರು. ಅಲ್ಲಿ ನಾನು ಕುಪ್ಪಳಿಸಿದ್ದನ್ನು ಕಂಡು ಗೆಳೆಯ ಹಾರ್ನು ಹೊಡೆದು, "ಮಾಸ್ತರ್, ಅಂಗಡಿ ಗಾಡ್ಯಾಗ ಅದ! ಏನು ಸೈಜು?" ಎಂದು ಕೂಗಿದ. ನನಗೆ ಎಷ್ಟು ನಗು ಬಂತೆಂದರೆ ನಿಂತು ಸುಧಾರಿಸಿಕೊಳ್ಳಬೇಕಾಯಿತು.

ಗುಡಿಯಲ್ಲಿ ಮಂಡಿಯೂರಿ ನಮಸ್ಕರಿಸಿ, ಕೈ ಊರದೆ ಎದ್ದು ನಿಂತೆ. ನೋವಿಲ್ಲ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಹೆಂಡತಿ ದೇವಿಯನ್ನಲ್ಲ, ನನ್ನ ಮಂಡಿಯನ್ನು ನೋಡುತ್ತಿದ್ದಳು. ಗೆದ್ದೆ ಅಂದುಕೊಂಡೆ.

ಹೊರಗೆ ಬಂದರೆ ಅತ್ತೆ ಚೀಲದಿಂದ ಒಂದು ಡಬ್ಬಿ ತೆಗೆದರು. ಹೊಸ ಬೂಟು. ತಳ ಇಟ್ಟಿಗೆಯಷ್ಟು ದಪ್ಪ. ಅದನ್ನು ಮಾರಿದ ಗೆಳೆಯ ಆಕಾಶದ ಕಡೆ ನೋಡುತ್ತಿದ್ದ.

"ಹರಕಿ ತೀರ್ತು. ಇನ್ನ ಹಾಕ್ಕೋರಿ. ತೀರಿದ ಮ್ಯಾಲೂ ಬರಿಗಾಲಾಗ ತಿರುಗಿದ್ರ ಮಂದಿ ಮತ್ತೊಂದು ಸಂಕಟ ಹುಡುಕ್ತಾರ."

ಆಗಬಹುದಾದ ಅನಾಹುತಗಳನ್ನೆಲ್ಲ ಹಿಂದಿನ ರಾತ್ರಿಯೇ ಯೋಚಿಸಿಟ್ಟಿದ್ದೆ. ಮುಳ್ಳು, ನಾಯಿ, ಲಾರಿ, ಹೃದಯಾಘಾತ. ಬೂಟು ಮಾತ್ರ ಹೊಳೆದಿರಲಿಲ್ಲ. ಮಂಡಿ ಒಪ್ಪಿದರೂ ಓಟ ಹೋಯಿತು. ಬೂಟು ಹಿಡಿದುಕೊಂಡು ಪೆದ್ದನಂತೆ ನಿಂತೆ.

"ಯವ್ವಾ, ತಡಿ" ಅಂದಳು ಹೆಂಡತಿ. "ಇವ್ರದು ತೀರ್ತು. ನಂದು ಈಗ ಸುರು. ಇವ್ರ ಮಂಡಿ ಬ್ಯಾನಿ ಹೋದ್ರ ಬರಿಗಾಲ ಓಟ ನಿಲ್ಲಸಂಗಿಲ್ಲ ಅಂತ ಒಳಗ ಬೇಡ್ಕೊಂಡೀನಿ."

ಅತ್ತೆ ಮಗಳನ್ನು ಮೇಲಿಂದ ಕೆಳಗೆ ನೋಡಿದರು. "ಬೇಡ್ಕೊಂಡಾಕಿ ನೀನು. ಹಂಗಾದ್ರ ಅವ್ರೊಬ್ಬರ ಯಾಕ ಓಡಬೇಕು? ನೀನೂ ಓಡು!"

ಗುಡಿಯ ಮುಂದೆ ಆಡಿದ ಮಾತು, ಹಿಂದೆಗೆಯುವಂತಿರಲಿಲ್ಲ. ಮರುದಿನದಿಂದ ಕೆರೆ ದಂಡೆಯಲ್ಲಿ ನಾವಿಬ್ಬರೂ. ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ನನ್ನನ್ನು ಬೈಯುತ್ತ ಓಡಲು ಶುರುಮಾಡಿದವಳು ಈಗ ನನಗಿಂತ ಮುಂದಿರುತ್ತಾಳೆ. ಓಡುವಾಗ ನನ್ನ ತಲೆ ಮೊದಲಿನಷ್ಟು ಖಾಲಿಯಾಗುವುದಿಲ್ಲ. ಅವಳ ಮಂಡಿ ಹೇಗಿದೆಯೋ ಎಂದು ನೋಡುತ್ತ ಹಿಂದೆ ಹಿಂದೆ ಓಡುತ್ತೇನೆ.